ಎಣ್ಣೆಯಲ್ಲದ ಎಣ್ಣೆ

ನನಗೆ ಕಾರು ಓಡಿಸಲು ಬರುವುದಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಚರಿತ್ರೆ ಹೇಳಿಕೊಂಡು ಬಂದವಳು ನಾನು. ಪಾಣಿಪತ್ತದ ಯುದ್ಧಗಳ ಇಸವಿಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಕ್ಲಚ್ ಯಾವ ಕಾಲಿಗೆ, ಬ್ರೇಕ್ ಯಾವ ಕಾಲಿಗೆ ಎಂದು ಕೇಳಿದರೆ ಈಗಲೂ ಒಮ್ಮೆ ಕಾಲು ನೋಡಿಕೊಳ್ಳಬೇಕು. ಇಂಥವಳು ಕಾರಿನ ಎಣ್ಣೆಯ ಚರಿತ್ರೆ ಬರೆಯಲು ಕುಳಿತಿದ್ದೇನೆಂದರೆ ನಮ್ಮ ಮನೆಯವರಿಗೇ ನಗು. "ಒಗ್ಗರಣೆ ಎಣ್ಣೆಯ ಬಗ್ಗೆ ಬರಿ, ಓದುವವರಾದರೂ ಸಿಕ್ಕಾರು" ಎಂದರು. ಬರೆಯಲು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ತೀರ್ಥಹಳ್ಳಿಯ ನಮ್ಮ ತೌರುಮನೆಯಲ್ಲಿ ಒಂದು ಮೋರಿಸ್ ಮೈನರ್ ಕಾರು ಇದೆ. 1952ರ ಮಾಡೆಲ್ಲು. ನನ್ನ ತಂದೆ ಡಾಕ್ಟರು. ರೋಗಿಗಳನ್ನು ನೋಡಲು ಹಳ್ಳಿಗಳಿಗೆ ಹೋಗಬೇಕೆಂದು 1968ರಲ್ಲಿ ಅದನ್ನು ಯಾರೋ ಎಸ್ಟೇಟಿನವರಿಂದ ಕೊಂಡಿದ್ದರು. ಬೆನ್ನು ದುಂಡಗೆ, ಕಣ್ಣು ದುಂಡಗೆ, ನೋಡಿದರೆ ಬಸುರಿ ಬೆಕ್ಕು ಕುಳಿತಂತೆ ಕಾಣುತ್ತಿತ್ತು. ತಂದೆ ತೀರಿಕೊಂಡ ಮೇಲೆ ಅದು ಷೆಡ್ಡಿನಲ್ಲಿ ಗೋಣಿತಾಟು ಹೊದ್ದು ಮಲಗಿಬಿಟ್ಟಿತು. ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ನನ್ನ ತಮ್ಮನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಅಜ್ಜನ ಕಾರನ್ನು ಮತ್ತೆ ಓಡಿಸಿಯೇ ಸೈ ಎಂದು ಪಣ ತೊಟ್ಟು ಬಂದಿದ್ದ. ಜಗಲಿಯ ಮೇಲೆ ಎರಡು ಬಾಟಲಿಗಳನ್ನು ಇಟ್ಟಿದ್ದ.

"ಎರಡೂ ಎಣ್ಣೆಯೇ ತಾನೆ? ಒಂದನ್ನೇ ದೊಡ್ಡದು ತಂದಿದ್ದರೆ ಸೋವಿಯಾಗುತ್ತಿರಲಿಲ್ಲವೇನೋ?" ಎಂದೆ, ಸಂಸಾರಸ್ಥೆಯ ಬುದ್ಧಿ.

"ಅಯ್ಯೋ ಅತ್ತೆ, ಇದು ಬ್ರೇಕಿಗೆ, ಅದು ಶಾಕ್ ಅಬ್ಸಾರ್ಬರಿಗೆ. ಅದಲುಬದಲಾದರೆ ಮುಗೀತು. ಒಳಗಿನ ರಬ್ಬರೆಲ್ಲ ಉಬ್ಬಿಹೋಗುತ್ತೆ" ಎಂದ.

ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಉಬ್ಬಿದ ರಬ್ಬರು ಎಂಬ ಮಾತನ್ನು ಇದೇ ಕಾರಿನ ಬಗ್ಗೆ, ಇದೇ ಜಗಲಿಯ ಮೇಲೆ, ನಾನು ನಲವತ್ತು ವರ್ಷದ ಹಿಂದೆ ಒಮ್ಮೆ ಕೇಳಿದ್ದೆ.

ಅದು 1982. ನನಗೆ ಹನ್ನೆರಡು ವರ್ಷ. ಉಡುಪಿಯಲ್ಲಿ ನೆಂಟರ ಮದುವೆ. ತಂದೆ, ತಾಯಿ, ತಮ್ಮ, ನಾನು, ಕಾರು ಓಡಿಸಲು ಡ್ರೈವರಣ್ಣ. ಅವರನ್ನು ನಾವು ಮಕ್ಕಳು ಹಾಗೆಯೇ ಕರೆಯುತ್ತಿದ್ದುದು. ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದವರು ಆ ವಾರವಷ್ಟೇ ಬಂದಿದ್ದರು. ಆಗುಂಬೆ ಮುಟ್ಟುವಾಗ ಕಾರನ್ನು ನಿಲ್ಲಿಸಿ ಇಳಿದು ಚಕ್ರ ಮುಟ್ಟಿ ನೋಡಿದರು. "ಬ್ರೇಕು ಹಿಡಿದದ್ದು ಬಿಡ್ತಾ ಇಲ್ಲ ಡಾಕ್ಟ್ರೇ. ಗಾಲಿ ಕಾದು ಹೋಗಿದೆ. ಒಂದರ್ಧ ಗಂಟೆ ತಣೀಲಿ" ಎಂದರು. ತಂದೆಗೆ ಮುಹೂರ್ತದ ಅವಸರ. "ನಿಧಾನ ಇಳಿಸು, ಏನೂ ಆಗಲ್ಲ" ಎಂದರು. ಆಗುಂಬೆ ಘಾಟಿಯ ಹಿಮ್ಮುರಿ ತಿರುವುಗಳನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ನಾಲ್ಕೈದು ತಿರುವು ಇಳಿದಿದ್ದೆವೇನೋ, ಡ್ರೈವರಣ್ಣನ ಕಾಲು ಬ್ರೇಕಿನೊಂದಿಗೆ ನೆಲದವರೆಗೂ ಹೋಯಿತು. ಅವರು ಗೇರು ಇಳಿಸಿ, ಕೈಬ್ರೇಕು ಎಳೆದು, ಕಣಿವೆಯ ಕಡೆ ಬಿಟ್ಟು ಗುಡ್ಡದ ಕಡೆಯ ಚರಂಡಿಗೆ ಕಾರನ್ನು ಒರಗಿಸಿಬಿಟ್ಟರು. ಅಮ್ಮನ ಮಣಿಕಟ್ಟು ಮುರಿಯಿತು, ತಮ್ಮನ ಹಣೆ ಒಡೆಯಿತು. ಐದು ಜೀವ ಉಳಿಯಿತು.

ಊರಿನ ಮೆಕ್ಯಾನಿಕ್ಕು ಬ್ರೇಕು ಬಿಚ್ಚಿ, ಒಳಗಿನ ರಬ್ಬರಿನ ಬಟ್ಟಲುಗಳನ್ನು ಕಾಗದದ ಮೇಲಿಟ್ಟುಕೊಂಡು ಮನೆಗೇ ಬಂದ. ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿದ್ದವು. "ಯಾರೋ ಬ್ರೇಕಿಗೆ ಎಣ್ಣೆ ಹಾಕಿದಾರೆ ಡಾಕ್ಟ್ರೇ" ಎಂದ. ಆ 'ಯಾರೋ' ಡ್ರೈವರಣ್ಣನೇ ಎಂದು ತೀರ್ಮಾನವಾಗಲು ಐದು ನಿಮಿಷವೂ ಬೇಕಾಗಲಿಲ್ಲ. ಕಾರನ್ನು ನೋಡಿಕೊಳ್ಳುವವರು ಇನ್ನಾರು? ಒಂದು ತಿಂಗಳ ಸಂಬಳ ಕೈಗಿಟ್ಟು ಕಳಿಸಿದರು. ಅವರು ಮೆಟ್ಟಿಲಿಳಿದು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ.

'ಬ್ರೇಕಿಗೆ ಎಣ್ಣೆ ಹಾಕಿದಾರೆ' ಎಂದರೆ ಏನರ್ಥ? ಬ್ರೇಕಿಗೆ ಹಾಕುವುದೇ ಬ್ರೇಕ್ ಆಯಿಲ್ ಅಲ್ಲವೇ? ಅಂದು ನನಗೆ ಈ ಪ್ರಶ್ನೆ ಹೊಳೆಯಲಿಲ್ಲ. ಹೊಳೆದದ್ದು ಎರಡು ವರ್ಷದ ಹಿಂದೆ, ಆ ಎರಡು ಬಾಟಲಿಗಳ ಮುಂದೆ. ಆಮೇಲೆ ಓದಿದೆ, ಕೇಳಿದೆ, ತಮ್ಮನ ಮಗನ ತಲೆ ತಿಂದೆ. ಓದಿದ್ದು ಹೀಗಿದೆ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಎಂಬ ಪಂಡಿತ ಒಂದು ಸಂಗತಿ ಕಂಡುಕೊಂಡ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಬೇರೆ ಬೇರೆ ಗಾತ್ರದ ಬಾಯಿಗಳಿಟ್ಟರೆ ಸಣ್ಣ ಬಾಯಿಗೆ ಕೊಟ್ಟ ಸಣ್ಣ ಬಲ ದೊಡ್ಡ ಬಾಯಲ್ಲಿ ದೊಡ್ಡ ಬಲವಾಗಿ ಬರುತ್ತದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದನ್ನು ಬಳಸಿ ನೀರಿನ ಒತ್ತುಯಂತ್ರ ಮಾಡಿದ. ಅದರಲ್ಲಿ ನೀರು ಸೋರದಂತೆ ತಡೆದದ್ದು ಚರ್ಮದ ಬಟ್ಟಲು. ನಮ್ಮ ಕಾಲದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪ್ ಸ್ಟೌವಿನ ಒಳಗಿದ್ದ ಚರ್ಮದ ವಾಷರ್ ನೆನಪಿದೆಯಷ್ಟೆ? ಒಣಗಿ ಗಾಳಿ ಹಿಡಿಯದಾದಾಗ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಮತ್ತೆ ಸರಿಹೋಗುತ್ತಿತ್ತು. ಚರ್ಮಕ್ಕೂ ಎಣ್ಣೆಗೂ ಸ್ನೇಹ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಮೊದಲ ಕಾರುಗಳಿಗೆ ಬ್ರೇಕು ಹಿಡಿಯುತ್ತಿದ್ದುದು ಸರಳು, ತಂತಿಗಳಿಂದ. ಒಂದು ಚಕ್ರದ ತಂತಿ ಬಿಗಿ, ಇನ್ನೊಂದರದು ಸಡಿಲ. ಬ್ರೇಕು ಒತ್ತಿದರೆ ಕಾರು ಒಂದು ಕಡೆಗೆ ಎಳೆಯುತ್ತಿತ್ತು. ಅಮೆರಿಕದಲ್ಲಿ ಮಾಲ್ಕಂ ಲಾಕ್‌ಹೀಡ್ ಎಂಬಾತ, ವಿಮಾನ ಕಟ್ಟುತ್ತಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ, ಪ್ಯಾಸ್ಕಲನ ಸೂತ್ರವನ್ನು ಕಾರಿಗೆ ತಂದು 1917ರಲ್ಲಿ ಪೇಟೆಂಟು ಪಡೆದ. ಒಂದು ಕೊಳವೆಯ ದ್ರವ ನಾಲ್ಕು ಚಕ್ರಗಳನ್ನೂ ಸಮನಾಗಿ ಹಿಡಿಯುತ್ತದೆ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿಗೆ, 1924ರಲ್ಲಿ ಕ್ರೈಸ್ಲರ್ ಕಾರಿಗೆ ಈ ಬ್ರೇಕು ಬಂತು. ಚರ್ಮದ ಬಟ್ಟಲು ಸೋರುತ್ತದೆಂದು ಕ್ರೈಸ್ಲರಿನ ಎಂಜಿನಿಯರುಗಳು ಅದರ ಬದಲು ರಬ್ಬರಿನ ಬಟ್ಟಲು ಹಾಕಿದರು.

ಕಥೆ ತಿರುಗುವುದು ಇಲ್ಲೇ. ಚರ್ಮ ಹೋಗಿ ರಬ್ಬರು ಬಂದದ್ದೇ ತಡ, ಎಣ್ಣೆಯೊಂದಿಗಿನ ಸ್ನೇಹ ಮುರಿಯಿತು. ಮರದ ಹಾಲಿನಿಂದ ಮಾಡಿದ ರಬ್ಬರಿಗೆ ಭೂಮಿಯಿಂದ ತೆಗೆದ ಎಣ್ಣೆ, ಅಂದರೆ ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲು, ಇವು ಆಗಿಬರುವುದಿಲ್ಲ. ರಬ್ಬರು ಅದನ್ನು ಹೀರಿ ಊದಿಕೊಳ್ಳುತ್ತದೆ. ಒಂದು ರಬ್ಬರ್ ಬ್ಯಾಂಡನ್ನು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ನೋಡಿ, ತಿಳಿಯುತ್ತದೆ. ಹಾಗೆಂದು ನೀರು ಹಾಕೋಣವೆಂದರೆ ಚಳಿದೇಶದಲ್ಲಿ ಹೆಪ್ಪುಗಟ್ಟುತ್ತದೆ, ಇಳಿಜಾರಿನಲ್ಲಿ ಕುದಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಜಾರುಗುಣವಿರಬೇಕು, ಹೆಪ್ಪುಗಟ್ಟಬಾರದು, ರಬ್ಬರನ್ನು ಕೆಡಿಸಬಾರದು. ಇಷ್ಟೂ ಗುಣವಿರುವ ವರ ಯಾರು ಎಂದು ಹುಡುಕಿದಾಗ ಅವರಿಗೆ ಸಿಕ್ಕಿದ್ದು ಯಾವುದು ಗೊತ್ತೇ? ನಮ್ಮ ಹರಳೆಣ್ಣೆ!

ಹೌದು, ನಮ್ಮ ಅಜ್ಜಿ ನೆತ್ತಿಗೆ ತಟ್ಟಿ, ವರ್ಷಕ್ಕೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಬೇರೆ ಅಡುಗೆ ಎಣ್ಣೆಗಳು ಮದ್ಯಸಾರದಲ್ಲಿ ಬೆರೆಯುವುದಿಲ್ಲ, ಹರಳೆಣ್ಣೆ ಬೆರೆಯುತ್ತದೆ. ಬೆರೆಸಿದರೆ ತೆಳ್ಳಗಾಗುತ್ತದೆ, ಜಾರುಗುಣ ಉಳಿಯುತ್ತದೆ, ರಬ್ಬರಿನ ತಂಟೆಗೆ ಹೋಗುವುದಿಲ್ಲ. ಹೀಗೆ ಹರಳೆಣ್ಣೆ ಮತ್ತು ಮದ್ಯಸಾರದ ಮಿಶ್ರಣ ಬಹುಕಾಲ ಕಾರುಗಳ ಬ್ರೇಕಿನಲ್ಲಿ ಹರಿಯಿತು. ಅದಕ್ಕೂ ಮೊದಲೇ ಹರಳೆಣ್ಣೆಗೆ ಯಂತ್ರಲೋಕದಲ್ಲಿ ಹೆಸರಿತ್ತು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೆ ಅದನ್ನೇ ಹಾಕುತ್ತಿದ್ದರು. ಹಾರಾಟದುದ್ದಕ್ಕೂ ಅದರ ಹೊಗೆ ಕುಡಿದ ಪೈಲಟ್‌ಗಳಿಗೆ ಅಜ್ಜಿಯ ಹರಳೆಣ್ಣೆ ಕುಡಿದ ನಮ್ಮ ಗತಿಯೇ ಆಗುತ್ತಿತ್ತಂತೆ! ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ, 1909ರಲ್ಲಿ.

ಆದ್ದರಿಂದ ಆ ಕಾಲದಲ್ಲಿ 'ಬ್ರೇಕ್ ಆಯಿಲ್' ಎಂದವರ ಮಾತಿನಲ್ಲಿ ಅರ್ಧ ನಿಜವಿತ್ತು. ಒಳಗೆ ಎಣ್ಣೆಯ ಪಾಲು ಇತ್ತು. ಮುಂದೆ ಕಾರುಗಳ ವೇಗ ಹೆಚ್ಚಿತು, ಬ್ರೇಕಿನ ಬಿಸಿ ಹೆಚ್ಚಿತು, ಮದ್ಯಸಾರ ಬೇಗ ಕುದಿಯತೊಡಗಿತು. ಹರಳೆಣ್ಣೆಯ ಜಾಗಕ್ಕೆ ಕಾರ್ಖಾನೆಯಲ್ಲಿ ತಯಾರಾದ ಗ್ಲೈಕಾಲ್ ಜಾತಿಯ ದ್ರವಗಳು ಬಂದವು. ಎಣ್ಣೆ ಹೋಯಿತು. ಹೆಸರು ಮಾತ್ರ ನಮ್ಮ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದೇ ಉಳಿಯಿತು.

ಗ್ಲೈಕಾಲಿಗೂ ಒಂದು ಕೆಟ್ಟ ಅಭ್ಯಾಸವಿದೆ. ಅದು ಗಾಳಿಯ ತೇವವನ್ನು ಕುಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಮರಿಗೆ ಹೇಗೆ ನೀರೊಡೆಯುತ್ತದೋ ಹಾಗೆ. ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯದಿರಬೇಕಾದ 'ಡಾಟ್ 3' ದರ್ಜೆಯ ದ್ರವಕ್ಕೆ ನೂರರಲ್ಲಿ ಮೂರು ಮುಕ್ಕಾಲು ಪಾಲು ನೀರು ಸೇರಿದರೆ 140 ಡಿಗ್ರಿ ತಡೆದರೆ ಸಾಕು ಎಂದು ಅಮೆರಿಕ ಸರ್ಕಾರದ ನಿಯಮವೇ ಹೇಳುತ್ತದೆ. 'ಡಾಟ್ 4'ಕ್ಕೆ ಆ ಅಂಕಿಗಳು 230 ಮತ್ತು 155. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಒತ್ತಿಯೇ ಇಳಿಯುವಾಗ ಈ ಹಳೆಯ ದ್ರವ ಕುದಿದು ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಹಿಸುಕಲಾಗದು, ಗುಳ್ಳೆಯನ್ನು ಹಿಸುಕಬಹುದು. ಕಾಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕಿನ ದ್ರವ ಬದಲಿಸಿ ಎನ್ನುವುದು ಇದಕ್ಕೇ. ಮನೆಯಲ್ಲಿ ಕಾರಿದ್ದವರು ಧರ್ಮಸ್ಥಳ, ಉಡುಪಿ ಎಂದು ಘಾಟಿ ಇಳಿಯುವ ಮುಂಚೆ ಯಜಮಾನರನ್ನು ಒಮ್ಮೆ ಕೇಳಿ ನೋಡಿ.

ನೀರೇ ಕುಡಿಯದ ಸಿಲಿಕೋನ್ ದ್ರವವೂ ಇದೆ, 'ಡಾಟ್ 5' ಎಂದು. ಅದು ಗ್ಲೈಕಾಲಿನೊಂದಿಗೆ ಬೆರೆಯುವುದಿಲ್ಲ. ಒಳಹೊಕ್ಕ ನೀರು ಅದರಲ್ಲಿ ಕರಗದೆ ತಗ್ಗಿನಲ್ಲಿ ಬೇರೆಯಾಗಿ ನಿಂತು ಅಲ್ಲೇ ತುಕ್ಕು ಹಿಡಿಸುತ್ತದೆ. ಗ್ಲೈಕಾಲ್ ನೀರನ್ನು ಕುಡಿದು ತನ್ನೊಳಗೆಲ್ಲ ಹರಡಿಕೊಳ್ಳುವುದು ಒಂದು ರೀತಿಯಲ್ಲಿ ಒಳ್ಳೆಯದೇ. ದೋಷವಿಲ್ಲದ ವರ ಯಾವ ಕಾಲದಲ್ಲೂ ಸಿಕ್ಕಿಲ್ಲವಲ್ಲ!

ಇನ್ನು ಶಾಕ್ ಅಬ್ಸಾರ್ಬರಿನ ವಿಚಾರ. ಗುಂಡಿಗೆ ಬಿದ್ದ ಚಕ್ರ ಸ್ಪ್ರಿಂಗಿನ ಮೇಲೆ ಕುಣಿಯುತ್ತಲೇ ಇರದಂತೆ ತಡೆಯುವುದು ಅದರ ಕೆಲಸ. ಮೋರಿಸ್ ಮೈನರಿನಲ್ಲಿ ಅದು ಒಂದು ಲೋಹದ ಡಬ್ಬಿ, ಅದಕ್ಕೊಂದು ಅಡ್ಡತೋಳು. ತೋಳು ಮೇಲೆ ಕೆಳಗೆ ಆಡಿದಾಗ ಒಳಗಿನ ಎಣ್ಣೆ ಕಿರಿದಾದ ತೂತುಗಳಲ್ಲಿ ನುಗ್ಗಬೇಕು. ಗಟ್ಟಿ ಹಿಟ್ಟನ್ನು ಚಕ್ಕುಲಿ ಒರಳಿನಲ್ಲಿ ಒತ್ತುವಾಗ ಕೈಗೆ ಸಿಗುವ ಪ್ರತಿರೋಧವಿದೆಯಲ್ಲ, ಅದೇ ಇಲ್ಲಿ ಚಕ್ರದ ಕುಣಿತವನ್ನು ತಡೆಯುವುದು. ಇದಕ್ಕೆ ಬೇಕಾದದ್ದು ನಿಜವಾದ ಎಣ್ಣೆ, ನೆಲದಿಂದ ತೆಗೆದ ತೆಳುವಾದ ಖನಿಜ ಎಣ್ಣೆ. ಒಂದೇ ಕಾರು, ಒಂದು ಜಾಗಕ್ಕೆ ಅಮೃತವಾದದ್ದು ಇನ್ನೊಂದು ಜಾಗಕ್ಕೆ ವಿಷ.

ಈ ಕಷ್ಟ ನಮ್ಮಂಥ ಸಣ್ಣ ಕಾರಿನವರದು ಮಾತ್ರವಲ್ಲ. ಫ್ರಾನ್ಸಿನ ಸಿತ್ರೋಯೆನ್ ಕಂಪನಿಯವರು 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ 'ಡಿಎಸ್' ಎಂಬ ಕಾರನ್ನು ಇಟ್ಟರು. ಫ್ರೆಂಚಿನಲ್ಲಿ ಆ ಎರಡಕ್ಷರವನ್ನು ಉಚ್ಚರಿಸಿದರೆ 'ದೇವತೆ' ಎಂಬ ಪದವೇ ಕೇಳಿಸುತ್ತದೆ. ಮೊದಲ ದಿನವೇ ಹನ್ನೆರಡು ಸಾವಿರದಷ್ಟು ಜನ ಮುಂಗಡ ಕೊಟ್ಟರು. ಅದಕ್ಕೆ ಸ್ಪ್ರಿಂಗೇ ಇರಲಿಲ್ಲ. ಒಂದೊಂದು ಚಕ್ರಕ್ಕೂ ಒಂದೊಂದು ಲೋಹದ ಗೋಳ. ಗೋಳದ ನಡುವೆ ರಬ್ಬರಿನ ಪರದೆ, ಮೇಲೆ ನೈಟ್ರೋಜನ್ ಅನಿಲ, ಕೆಳಗೆ ದ್ರವ. ಎಂಜಿನ್ ಚಾಲೂ ಮಾಡಿದರೆ ಮಲಗಿದ ಹಸು ಎದ್ದು ನಿಂತಂತೆ ಕಾರು ನೆಲದಿಂದ ಮೇಲೇಳುತ್ತಿತ್ತು. ಬ್ರೇಕು, ಸ್ಟಿಯರಿಂಗು, ಗೇರು ಎಲ್ಲಕ್ಕೂ ಅದೇ ದ್ರವ. ಇದನ್ನು ಕಟ್ಟಿದ ಪೋಲ್ ಮಜೆಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನಲ್ಲ, ಕೆಲಸ ಮಾಡುತ್ತ ಕಲಿತವನು. 1962ರ ಆಗಸ್ಟ್ 22ರಂದು ಪ್ಯಾರಿಸ್ಸಿನ ಹೊರವಲಯದಲ್ಲಿ ಅಧ್ಯಕ್ಷ ದ ಗಾಲ್ ಅವರ ಮೇಲೆ ಗುಂಡಿನ ಮಳೆ ಸುರಿದಾಗ ಅವರು ಕುಳಿತಿದ್ದುದು ಈ ಕಾರಿನಲ್ಲೇ. ಟೈರಿಗೆ ಗುಂಡು ಬಿದ್ದರೂ ಕಾರು ನಿಲ್ಲದೆ ಓಡಿತು, ಅವರು ಬದುಕಿದರು.

ಇಂಥ ದೇವತೆಯನ್ನೂ ಕಾಡಿದ್ದು ದ್ರವದ ಆಯ್ಕೆಯೇ. ಮೊದಲು ಸಸ್ಯಮೂಲದ ದ್ರವ ಹಾಕಿದರು. ಆಮೇಲೆ ಕೆಂಪು ಬಣ್ಣದ ಕೃತಕ ದ್ರವ. ಎರಡೂ ಬ್ರೇಕ್ ದ್ರವದ ಜಾತಿಯವೇ. ಕೆಂಪು ದ್ರವ ತೇವ ಕುಡಿಯಿತು, ತೇವ ತುಕ್ಕು ತಂದಿತು. ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲಿನಷ್ಟೇ ಸಂದಿರುವ ಯಂತ್ರಭಾಗಗಳಿಗೆ ತುಕ್ಕು ಹಿಡಿದರೆ ಉಳಿಯುವುದುಂಟೇ? ಕೊನೆಗೆ 1966ರಲ್ಲಿ ತೇವ ಕುಡಿಯದ ಖನಿಜ ಎಣ್ಣೆಗೆ ಬಂದರು. ಅದಕ್ಕಾಗಿ ಒಳಗಿನ ರಬ್ಬರುಗಳನ್ನೆಲ್ಲ ಖನಿಜ ಎಣ್ಣೆಗೆ ಹೆದರದ ಕೃತಕ ರಬ್ಬರಿಗೆ ಬದಲಿಸಬೇಕಾಯಿತು. ಅಮೆರಿಕದ ಕಾನೂನು ಒಪ್ಪದ್ದರಿಂದ ಅಲ್ಲಿಗೆ ಹೋಗುವ ಕಾರುಗಳಿಗೆ 1969ರವರೆಗೂ ಕೆಂಪು ದ್ರವವೇ. ಎರಡು ಜಾತಿಯ ಕಾರುಗಳು ಒಟ್ಟಿಗೆ ರಸ್ತೆಯಲ್ಲಿ. ಕೆಂಪಿನ ಕಾರಿಗೆ ಹಸಿರು ಬಿದ್ದರೂ, ಹಸಿರಿನ ಕಾರಿಗೆ ಕೆಂಪು ಬಿದ್ದರೂ ರಬ್ಬರು ಕೆಟ್ಟು ಬ್ರೇಕೂ ಹೋಗುತ್ತದೆ, ಕಾರಿನ ಸಮತೋಲವೂ ಹೋಗುತ್ತದೆ.

ಆಗ ಅವರು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಹೊಸ ಎಣ್ಣೆಗೆ ಹಸಿರು ಬಣ್ಣ ಬೆರೆಸಿದರು. ಆ ಎಣ್ಣೆ ಹರಿಯುವ ಗೋಳ, ಪಂಪುಗಳಿಗೂ ಹಸಿರು ಬಣ್ಣ ಬಳಿದರು. ಹಳೆಯ ಜಾತಿಯ ಭಾಗಗಳದು ಕಪ್ಪು. ಓದುಬರಹ ಬಾರದ ಕೆಲಸದ ಹುಡುಗನೂ ತಪ್ಪದಂತೆ ಕಣ್ಣಿಗೆ ಹೊಡೆದು ಹೇಳುವ ಏರ್ಪಾಡು. ತಪ್ಪಾದ ಮೇಲೆ ಯಾರದು ಎಂದು ಹುಡುಕುವ ಬದಲು ತಪ್ಪೇ ಆಗದಂತೆ ನೋಡಿದರು.

ಮೋರಿಸ್ ಮೈನರನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಸಹ ಮುಂದೆ ತನ್ನ ಗೆಳೆಯ ಅಲೆಕ್ಸ್ ಮೌಲ್ಟನ್ ಜೊತೆ ಸೇರಿ, 1962ರ ಹೊತ್ತಿಗೆ, ದ್ರವದ ಮೇಲೆ ತೇಲುವ ಇನ್ನೊಂದು ಬಗೆಯ ಕಾರು ಮಾಡಿದ. ಮುಂದಿನ ಚಕ್ರ ಏರಿದರೆ ದ್ರವ ಹಿಂದಕ್ಕೆ ಹರಿದು ಕಾರಿನ ಹಿಂಭಾಗವನ್ನೂ ಎತ್ತುತ್ತಿತ್ತು, ಕಾರು ಮಟ್ಟಸವಾಗಿರುತ್ತಿತ್ತು. ಮೌಲ್ಟನ್ ರಬ್ಬರು ವ್ಯಾಪಾರದ ಮನೆತನದವನು. ಅವನು ಆರಿಸಿದ ದ್ರವದಲ್ಲಿದ್ದುದು ನೀರು, ಹೆಪ್ಪುಗಟ್ಟದಿರಲು ಮದ್ಯಸಾರ, ತುಕ್ಕು ಹಿಡಿಯದಂತೆ ಸ್ವಲ್ಪ ಔಷಧಿ. ರಬ್ಬರಿನ ಮರ್ಮ ಬಲ್ಲವನು ಎಣ್ಣೆಯ ತಂಟೆಗೇ ಹೋಗಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು: ಯಾವ ದ್ರವ ಒಳ್ಳೆಯದು ಎಂಬ ಪ್ರಶ್ನೆಯೇ ಸರಿಯಲ್ಲ. ಒಳಗಿರುವ ರಬ್ಬರು ಯಾವುದು ಎಂದು ಮೊದಲು ಕೇಳಬೇಕು. ಹುಡುಗನೂ ಒಳ್ಳೆಯವನೇ, ಹುಡುಗಿಯೂ ಒಳ್ಳೆಯವಳೇ, ಆದರೆ ಒಟ್ಟಿಗೆ ಬಾಳಲಾರರು ಎಂಬಂಥ ಜೋಡಿಗಳನ್ನು ನಾವು ಕಂಡಿಲ್ಲವೇ? ಹಳೆಯ ಕಾರಿಗೆ ತಯಾರಕರು ಏನು ಹೇಳಿದ್ದರೋ ಆ ಜಾತಿಯದನ್ನೇ ಹಾಕಬೇಕು. ಡಬ್ಬಿಯ ಮೇಲಿನ ಒಂದು ಪದವನ್ನು ನಂಬಿ ಸುರಿಯಬಾರದು.

ಈಗ ಆ ಡಬ್ಬಿಯ ವಿಚಾರಕ್ಕೆ ಬರುತ್ತೇನೆ.

ಉಡುಪಿಗೆ ಹೊರಡುವ ಹಿಂದಿನ ವಾರ, ಡ್ರೈವರಣ್ಣ ರಜೆಯಲ್ಲಿದ್ದ ಒಂದು ಭಾನುವಾರ. ತಂದೆ ತಾವೇ ಕಾರು ತೆಗೆಯಲು ಹೋಗಿ ಬ್ರೇಕು ಸ್ವಲ್ಪ ಕೆಳಗಿಳಿಯುತ್ತಿದೆ ಎಂದರು. ಮೋರಿಸ್ ಮೈನರಿನಲ್ಲಿ ಬ್ರೇಕಿನ ಮುಖ್ಯ ಸಿಲಿಂಡರು ಡ್ರೈವರನ ಕಾಲಡಿಯಲ್ಲಿದೆ. ಚಾಪೆ ಎತ್ತಿ, ತಗಡಿನ ಮುಚ್ಚಳ ತೆಗೆದು, ಮಂಡಿಯೂರಿ ಅದರ ಬಿರಡೆ ಬಿಚ್ಚಬೇಕು. ತಂದೆ ಹಾಗೆ ಬಗ್ಗಿಕೊಂಡೇ, "ಷೆಡ್ಡಿನ ಹಲಗೆ ಮೇಲೆ ಬ್ರೇಕ್ ಆಯಿಲ್ ಇದೆ, ತಗೊಂಡು ಬಾ" ಎಂದು ಕೂಗಿದರು. ಹಲಗೆಯ ಮೇಲೆ ಎರಡು ಡಬ್ಬಿ ಇದ್ದವು. ನಾನು ಆಗಷ್ಟೇ ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳನ್ನು ಓದಿ ಮೆರೆಯುತ್ತಿದ್ದ ಕಾಲ. ಒಂದರ ಮೇಲೆ 'ಫ್ಲೂಯಿಡ್' ಎಂದಿತ್ತು. ಇನ್ನೊಂದರ ಮೇಲೆ 'ಹೈಡ್ರಾಲಿಕ್', ಅದರ ಕೆಳಗೆ ಇನ್ನೇನೋ ಎರಡು ಪದ, ಕೊನೆಗೆ 'ಆಯಿಲ್' ಎಂದಿತ್ತು. ಅಪ್ಪ ಕೇಳಿದ್ದು ಆಯಿಲ್. ನಾನು ಆಯಿಲ್ ಎಂದಿದ್ದ ಡಬ್ಬಿಯನ್ನೇ ಕೊಟ್ಟೆ. ಅವರ ಕನ್ನಡಕ ಮನೆಯೊಳಗಿತ್ತು. ಅವರು ಸುರಿದರು.

ನಲವತ್ತು ವರ್ಷ ಈ ನೆನಪು ನನ್ನಲ್ಲಿತ್ತು. ಅಪ್ಪನಿಗೆ ಸಹಾಯ ಮಾಡಿದ ಒಳ್ಳೆಯ ನೆನಪು ಎಂದೇ ಇತ್ತು. ಘಾಟಿಯ ನೆನಪು ಬೇರೆ ಗೂಡಿನಲ್ಲಿತ್ತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ, ಸಾಕ್ಷಿಯಿಲ್ಲದೆ ತೀರ್ಪು ಕೊಡಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ. ಸಾಕ್ಷಿ ನಾನೇ ಆಗಿದ್ದೆ.

ಡ್ರೈವರಣ್ಣ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಹೋದೆ. ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ನನ್ನ ಗುರುತು ಹೇಳಿದ ಕೂಡಲೇ, "ಪುಟ್ಟಮ್ಮನಾ!" ಎಂದರು. ಮರುಮಾತು, "ಗಾಡಿ ಇದೆಯಾ ಇನ್ನೂ?"

ಇದೆ ಎಂದೆ. ಡಬ್ಬಿಯ ಕಥೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, "ಮೇಲಿನ ಹಲಗೆ ಡಬ್ಬಿ. ಶಾಕ್ ಅಬ್ಸಾರ್ಬರಿಂದು. ಹೊಸಾದು, ಬಾಯಿ ಒಡೆದಿರಲಿಲ್ಲ. ನಾ ರಜೆ ಮುಗಿಸಿ ಬರೋವಾಗ ಒಡೆದಿತ್ತು" ಎಂದರು.

"ಹಾಗಾದರೆ ಅದನ್ನು ಅಪ್ಪನಿಗೆ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ದೆ" ಎಂದರು.

ಅಷ್ಟೇ. ಮತ್ತೆ ಆ ಮಾತನ್ನು ಅವರು ಬೆಳೆಸಲಿಲ್ಲ. ನಾನೂ ಬೆಳೆಸಲಿಲ್ಲ. ಅಪ್ಪ ಆಮೇಲೆ ಎಂದೂ ಆ ಕಾರಿನ ಚಾಪೆ ಎತ್ತಿದ್ದನ್ನು ನಾನು ಕಾಣೆ. ಅವರ ಹೆಂಡತಿ ಕಾಫಿ ತಂದುಕೊಟ್ಟು ಮಾತಿಗೆ ಕುಳಿತಾಗ ಉಳಿದದ್ದು ತಿಳಿಯಿತು. ಬ್ರೇಕು ನೋಡಿಕೊಳ್ಳದ ಡ್ರೈವರು ಎಂದು ಹೆಸರು ಬಂದ ಮೇಲೆ ಎರಡು ವರ್ಷ ಯಾರೂ ಕೆಲಸ ಕೊಡಲಿಲ್ಲವಂತೆ. ಮರದ ಡಿಪೋದಲ್ಲಿ ದಿಮ್ಮಿ ಹೊತ್ತರಂತೆ. ದೊಡ್ಡ ಮಗಳನ್ನು ಏಳನೇ ತರಗತಿಗೇ ಬಿಡಿಸಿದರಂತೆ. ಆಕೆ ನನ್ನ ವಯಸ್ಸಿನವಳೇ. ನಾನು ಬಿ.ಎ., ಬಿ.ಎಡ್. ಮಾಡಿದೆ.

ಏನು ಹೇಳಬೇಕೋ ತೋಚದೆ, "ನನ್ನಿಂದ ತಪ್ಪಾಯಿತು ಅಣ್ಣಾ" ಎಂದೆ. ಅವರು ಅದಕ್ಕೆ ಹೌದು ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹುಡುಗನಿಗೆ ಹೇಳಿ. ಬರೀ ಆ ದ್ರವ ಬದಲಿಸಿದರೆ ಸಾಲದು. ಒಂದು ಸಲ ಎಣ್ಣೆ ಹೊಕ್ಕ ಗಾಡಿ ಅದು. ಆವತ್ತು ಏನೇನು ಬದಲಿಸಿದರೋ, ಏನು ಬಿಟ್ಟರೋ. ರಬ್ಬರು ಅಂತ ಇರೋದೆಲ್ಲ ಹೊಸಾದು ಹಾಕಬೇಕು, ಪೈಪು ಸಮೇತ. ಕಬ್ಬಿಣದ ಪೈಪನ್ನ ಸ್ಪಿರಿಟ್ಟಲ್ಲಿ ತೊಳೀಬೇಕು, ಪೆಟ್ರೋಲು ಮುಟ್ಟಿಸಬಾರದು" ಎಂದರು.

ಹುಡುಗ ಹಾಗೆಯೇ ಮಾಡಿದ. ಕಳೆದ ಯುಗಾದಿಗೆ ಕಾರು ಷೆಡ್ಡಿನಿಂದ ಹೊರಗೆ ಬಂತು. ಅವನೇ ಶಿವಮೊಗ್ಗಕ್ಕೆ ಹೋಗಿ ಡ್ರೈವರಣ್ಣನನ್ನು ಕರೆದುಕೊಂಡು ಬಂದಿದ್ದ. ಅವರು ಕೋಲೂರಿಕೊಂಡು ಕಾರನ್ನು ಒಂದು ಸುತ್ತು ಬಂದು, ಬಾಗಿಲು ತೆಗೆದು ಕುಳಿತು, ಬ್ರೇಕಿನ ಮೇಲೆ ಕಾಲಿಟ್ಟು ಎರಡು ಸಲ ಒತ್ತಿ ನೋಡಿದರು. "ಗಟ್ಟಿಯಾಗಿದೆ" ಎಂದರು.

ಷೆಡ್ಡಿನ ಹಲಗೆಗಳು ಹಳೆಯವೇ. ಅಂದು ಸಂಜೆ ನಾನು ಎರಡು ರಟ್ಟು ಕತ್ತರಿಸಿ, ಶಾಲೆಯ ಬೋರ್ಡಿನ ಮೇಲೆ ಬರೆಯುವಂತೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ ಬಂದೆ. ಮೇಲಿನ ಹಲಗೆಗೆ 'ಶಾಕ್ ಅಬ್ಸಾರ್ಬರ್ ಎಣ್ಣೆ' ಎಂದು. ಕೆಳಗಿನದಕ್ಕೆ 'ಬ್ರೇಕಿನ ದ್ರವ. ಇದು ಎಣ್ಣೆಯಲ್ಲ' ಎಂದು.